ಎಡಗಡೆಯ ಹಿಂದಿನ ಚಕ್ರ

1958 ಜನವರಿ 2, ಗುರುವಾರ

ಈ ಕತೆಯನ್ನು ಮೊದಲು ಹೇಳಿದವರು ನನ್ನ ಅತ್ತೆ ಸೊಣ್ಣಮ್ಮನವರು. ಹೇಳಿದ್ದು ಹೋದ ಕಾರ್ತಿಕದ ಕೊನೆಯ ಸೋಮವಾರ, ಬಾಗಲೂರಿನ ತಮ್ಮ ಮನೆ ಜಗಲಿಯ ಮೇಲೆ, ರಾಗಿ ಕೇರುತ್ತಿದ್ದ ನಾಲ್ಕು ಜನ ಹೆಂಗಸರಿಗೆ.

"ನಮ್ಮಳಿಯನ ಕಾರಿನ ಚಕ್ರ ಕಿರುಚ್ತು ಕಣ್ರವ್ವ. ಆ ಸದ್ದಿಗೆ ನನ್ ಮಗಳ ಒಟ್ಟೇಲಿದ್ದ ಕೂಸು ಬೆಚ್ಚಿ ಜಾರೋಯ್ತು."

ಅಷ್ಟೇ ಕತೆ. ಉಳಿದದ್ದನ್ನು ಕೇಳಿದವರು ಸೇರಿಸಿಕೊಂಡರು. ಈಗ ಬಾಗಲೂರಿನಿಂದ ಯಲಹಂಕದವರೆಗೆ ಈ ಕತೆ ನನ್ನ ಟ್ಯಾಕ್ಸಿಗಿಂತ ಹೆಚ್ಚು ಓಡಾಡುತ್ತಿದೆ.

ಯಲಹಂಕದ ಡಾಕ್ಟರಮ್ಮ ಮಾತ್ರ, "ಇದು ಕಾರಿನಿಂದ ಆದದ್ದಲ್ಲಪ್ಪ, ಐದನೇ ತಿಂಗಳಲ್ಲಿ ಕೆಲವರಿಗೆ ಹೀಗಾಗುತ್ತೆ" ಎಂದರು. ಆದರೆ ಆಕೆ ಬಾಗಲೂರಿನ ಜಗಲಿಯ ಮೇಲೆ ಕೂತು ಹೇಳಲಿಲ್ಲವಲ್ಲ.

ಎರಡು ತಿಂಗಳಿಂದ ನನ್ನ ಹೆಂಡತಿ ಮುನಿಯಲ್ಲಮ್ಮ ತವರಲ್ಲೇ ಇದ್ದಾಳೆ. ಅತ್ತೆಯ ಷರತ್ತು ಒಂದೇ: "ಆ ಸದ್ದು ನಿಲ್ಲಿಸ್ಕೊಂಡು ಬನ್ನಿ ಅಳಿಯಂದ್ರೆ. ಅಲ್ಲೀಗಂಟ ನನ್ ಮಗಳು ಆ ಕಾರು ಅತ್ತಲ್ಲ." ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. "ಬಸ್ಸಲ್ ಓದ್ರೆ ಮನೇಲಿರೋ ಕಾರು ಎಲ್ಲಿಗ್ ಓಯ್ತದೆ?" ಎಂದರು.

ಮೊದಲೆಲ್ಲ ಊಟವಾದ ಮೇಲೆ ನಾನು ಆ ದಿನದ ಗಿರಾಕಿಗಳ ಕತೆ ಹೇಳುತ್ತಿದ್ದೆ, ಅವಳು ಪಾತ್ರೆ ತೊಳೆಯುತ್ತ "ಹೂಂ, ಹೂಂ" ಅನ್ನುತ್ತಿದ್ದಳು. ಹೂಂಗುಟ್ಟುವವರಿಲ್ಲದೆ ಕತೆ ಹೇಳಿದರೆ ಅದು ಮನೆಯ ಸೂರಿನಲ್ಲೇ ಸಿಕ್ಕಿಕೊಂಡು ಒದ್ದಾಡುತ್ತದೆ ಎಂದು ನಮ್ಮಜ್ಜಿ ಹೆದರಿಸುತ್ತಿದ್ದಳು. ಅದಕ್ಕೇ ಬಾಯಿ ಮುಚ್ಚಿಕೊಂಡು, ಔಷಧಿ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ.

ಜನವರಿ 5, ಭಾನುವಾರ

ಬಾಗಲೂರಿಗೆ ಹೋಗಿದ್ದೆ. ಕಟ್ಟಿಗೇನಹಳ್ಳಿ ದಾಟಿದ ಮೇಲೂ ಕಾರು ತೊಟ್ಟಿಲಿನ ಹಾಗೆ ತೂಗಿಕೊಂಡು ಹೋಯಿತು. ಈ ಸಲ ಗೆದ್ದೆ ಅಂದುಕೊಂಡೆ. ಊರ ಮುಂದಿನ ಹುಣಸೆಮರದ ತಿರುವಿನಲ್ಲಿ ಹಳ್ಳಕ್ಕೆ ಇಳಿದದ್ದೇ ತಡ, ಎಡಗಡೆಯ ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜಿ "ಕರ್ರ್" ಎಂದಿತು. ಬೇಲಿಯ ಮೇಲಿದ್ದ ಗೊರವಂಕಗಳು ಹಾರಿಹೋದವು.

ಕಾರಿನ ತಪ್ಪೇನೂ ಇಲ್ಲ. ಮೂವತ್ತೊಂಬತ್ತನೇ ಇಸವಿಯ ಷೆವರ್ಲೆ. ಇಷ್ಟು ವರ್ಷ ತೆಪ್ಪಗೆ ಓಡಿಕೊಂಡಿತ್ತು. ಅವಳಿಗೆ ಮೂರು ತಿಂಗಳು ತುಂಬಿದಾಗ ನನಗೇ ಬುದ್ಧಿ ಓಡಿತು. ಬಾಗಲೂರು ರಸ್ತೆಯ ಗುಂಡಿ ಅವಳಿಗೆ ತಾಗಬಾರದು ಎಂದು ಗುಜರಿಯಿಂದ ಬೇರೆ ಕಾರಿನ ಮೆತ್ತನೆಯ ಸ್ಪ್ರಿಂಗ್ ಪಟ್ಟೆಗಳನ್ನು ತಂದೆ, ಮಿಲಿಟರಿ ಹರಾಜಿನ ದಪ್ಪ ಟೈರು ತಂದೆ, ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ನಾನೇ ಜೋಡಿಸಿದೆ. ಮೊದಲ ಸಲ ಕೂತಾಗ ಅವಳು, "ಅಯ್ಯೋ, ಬೆಣ್ಣೆ ಮೇಲೆ ಕೂತಂಗೈತೆ" ಎಂದಳು. ಅದೊಂದು ಮಾತನ್ನು ನೆನೆದುಕೊಂಡು ಎಷ್ಟು ಸಲ ಒಬ್ಬನೇ ನಕ್ಕಿದ್ದೇನೋ.

ಇವತ್ತು ಕಾಲು ತೊಳೆಯಲು ಚಪ್ಪಡಿಯ ಮೇಲೆ ಬಿಸಿನೀರು ಇಟ್ಟಿದ್ದರು. ಮಜ್ಜಿಗೆ ತಂದವರು ಅತ್ತೆ. ಮಾವ ಕದಿರಪ್ಪನವರು ಹುರುಳಿ ಬೆಳೆಯ ಮಾತಾಡಿದರು. ಒಳಗೆ ಬಳೆ ಸದ್ದಾಯಿತು. ಅವಳು ಹೊರಗೆ ಬರಲಿಲ್ಲ.

ಜನವರಿ 7, ಮಂಗಳವಾರ

ಸಂತೆ ಬೀದಿಯಲ್ಲಿ ಕುಲುಮೆ ಇಟ್ಟಿರುವ ಮೊಯಿನುದ್ದೀನ್ ಸಾಬರ ಹತ್ತಿರ ಕಾರು ಒಯ್ದೆ. ಗಾಡಿ, ಜಟಕಾ, ಲಾರಿ ಯಾವುದರ ಪಟ್ಟೆಯಾದರೂ ಅವರ ಕೈಯಲ್ಲಿ ಬಾಗುತ್ತದೆ. ಕೆಳಗೆ ನುಸುಳಿ ನೋಡಿ, ಗಡ್ಡದ ಮಣ್ಣು ಕೊಡವಿಕೊಂಡು ಎದ್ದರು.

"ಏನ್ ಬೈರಣ್ಣ, ಮದುವೆಯಾದ್ಮೇಲೆ ಕಾರು ಬದಲಾಯಿಸೋರನ್ನ ನೋಡಿದೀನಿ. ಕಾರಿಗೆ ಇನ್ನೊಂದು ಕಾರಿನ ಕಾಲು ಹಾಕ್ದೋನು ನೀನೊಬ್ನೇ ಕಣಯ್ಯ."

"ಸಾಬ್ರೆ, ತಮಾಷೆ ಸಾಕು. ಸದ್ದು ನಿಲ್ಬೇಕು."

"ಹಳೇ ಪಟ್ಟೆ ಹಾಕ್ಬಿಡ್ಲಾ? ಒಂದು ಗಂಟೆ ಕೆಲಸ."

ಹಳೇ ಪಟ್ಟೆ ಹಾಕಿದರೆ ಕಾರು ಎತ್ತಿನ ಗಾಡಿಯ ಹಾಗೆ ಕುಲುಕುತ್ತದೆ. ಬೇಡ ಎಂದೆ. ಅವಳು ಬೆಣ್ಣೆ ಅಂದದ್ದನ್ನು ಅವರಿಗೆ ಹೇಳಲಿಲ್ಲ. ಮಡ್‌ಗಾರ್ಡಿನ ಒಳ ಅಂಚನ್ನು ಸುತ್ತಿಗೆಯಿಂದ ಬಡಿದು ಮೇಲಕ್ಕೆ ಮಡಿಸಿದರು. ಅರ್ಧ ಬೆರಳು ಜಾಗ ಸಿಕ್ಕಿತು.

ಜನವರಿ 10, ಶುಕ್ರವಾರ

ಇವತ್ತು ಇಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯ ಮುದುಕರೊಬ್ಬರನ್ನು ಯಶವಂತಪುರದ ಸಂತೆಗೆ ಕರೆದುಕೊಂಡು ಹೋದೆ. ಹತ್ತಿದಾಗಿನಿಂದ ಬಾಗಿಲು ಹಿಡಿದುಕೊಂಡೇ ಕೂತಿದ್ದರು.

"ನಿಂದು ಸದ್ದು ಮಾಡೋ ಕಾರು ಅಲ್ಲ ತಾನೇ?" ಎಂದು ಕೇಳಿದರು.

"ಯಾಕ್ ಯಜಮಾನ್ರೆ?"

"ಯಲಹಂಕದಾಗೆ ಒಬ್ಬನ ಕಾರೈತಂತೆ ಕಣಪ್ಪ. ಮುಂದಿನ ಚಕ್ರ ಎಣ್ಣು ದೆವ್ವದಂಗೆ ಕೂಗ್ಕೊಂತದಂತೆ. ಬಸುರಿ ಎಂಡ್ರು ಅಲ್ಲೇ ಮೂರ್ಛೆ ಬಿದ್ಲಂತೆ. ಅವನು ಕಾರು ಬಿಟ್ಟು ಓಡೋದ್ನಂತೆ!"

"ಹಿಂದಿನ ಚಕ್ರ ಅಂತ ಕೇಳಿದ್ದೆ" ಎಂದೆ.

"ಮುಂದಿಂದೇ. ನಂಗ್ ಸರ್ಯಾಗಿ ಗೊತ್ತು. ನೀನ್ಯಾರು ಏಳಕ್ಕೆ?"

ನನ್ನದೇ ಕತೆಯನ್ನು ನನಗೇ ಹೇಳಿ, ಇಳಿಯುವಾಗ ಒಂದು ಎಲೆ ಅಡಿಕೆಯನ್ನೂ ಕೊಟ್ಟರು. ಇದನ್ನು ಅವಳಿಗೆ ಹೇಳಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಥವಾ ಈಗ ನಗುತ್ತಿರಲಿಲ್ಲವೋ ಏನೋ.

ಓಡಿಹೋದನಂತೆ. ನಾನು ಓಡಿಹೋಗಲಿಲ್ಲ. ಅಲ್ಲೇ ಇದ್ದೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಪಕ್ಕದ ಮನೆಯ ಮುನಿಕೆಂಪಮ್ಮ ಎಳ್ಳು ಬೆಲ್ಲ, ಬೇಯಿಸಿದ ಅವರೆಕಾಯಿ, ಗೆಣಸು ಕೊಟ್ಟರು. ಸಿಂಗಾಪುರದ ಮುದುಕರು ನನಗೇ ಗದರಿದ್ದನ್ನು ಎರಡು ಮಾತಿನಲ್ಲಿ ಹೇಳಿದೆ, ನಕ್ಕು ಹೋದರು. ಬೀದಿಯಲ್ಲೆಲ್ಲ ಬಾಗಿಲ ಮುಂದೆ ರಂಗೋಲಿ. ನನ್ನ ಬಾಗಿಲ ಮುಂದೆ ಕಾರು.

ಜನವರಿ 26, ಭಾನುವಾರ

ಮತ್ತೆ ಅದೇ ಹುಣಸೆಮರ, ಅದೇ ಕರ್ರ್. ಸಾಬರು ಮಡಿಸಿದ ಅಂಚೂ ಪ್ರಯೋಜನಕ್ಕೆ ಬರಲಿಲ್ಲ. ಬಿಸಿನೀರು, ಮಜ್ಜಿಗೆ, ಬಳೆ. ಹೊರಡುವಾಗ ಬಾಗಿಲ ಸಂದಿಯಲ್ಲಿ ಅವಳ ಸೀರೆಯ ಅಂಚು ಕಂಡಿತು. ಹಸಿರು ಸೀರೆ. ಅವತ್ತು ಉಟ್ಟಿದ್ದು ಅದನ್ನಲ್ಲ.

ಜನವರಿ 29, ಬುಧವಾರ

ಎಲ್ಲಿ ಉಜ್ಜುತ್ತಿದೆ ಎಂಬುದನ್ನು ಕಣ್ಣಾರೆ ಕಾಣಬೇಕು ಅನ್ನಿಸಿತು. ಸುಣ್ಣ ಹುಡುಕುತ್ತ ಅಡಿಗೆಮನೆಯ ಗೂಡಿಗೆ ಕೈ ಹಾಕಿದರೆ ಅವಳ ರಂಗೋಲಿ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ಅವಳ ಬೆರಳಿನ ಬಿಳಿ ಗುರುತು ಹಾಗೇ ಇತ್ತು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಆಮೇಲೆ ಪುಡಿಗೆ ನೀರು ಕಲಸಿ ಟೈರಿಗೆಲ್ಲ ಬಳಿದೆ.

ಮುನಿಕೆಂಪಮ್ಮ ನೀರಿನ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ನಿಂತರು. "ಏನ್ ಬೈರಣ್ಣ, ಒಸ್ತಿಲಿಗೆ ಬಿಡೋ ರಂಗೋಲೀನ ಚಕ್ರಕ್ಕೆ ಬಿಡ್ತಿದ್ದೀಯ?"

"ಪರೀಕ್ಷೆ ಕಣಕ್ಕಾ."

"ಎಂಡ್ರು ಬಂದು ಡಬ್ಬಿ ನೋಡ್ಲಿ, ಆಗ ಐತೆ ನಿಂಗೆ ಪರೀಕ್ಷೆ."

ಕೆರೆ ಏರಿಯ ಪಕ್ಕದ ಗುಂಡಿಗಳ ಮೇಲೆ ಓಡಿಸಿಕೊಂಡು ಬಂದು ನೋಡಿದೆ. ಬಿಳಿ ಗೀರು ಬಿದ್ದದ್ದು ಮಡ್‌ಗಾರ್ಡಿನ ನೆತ್ತಿಯಲ್ಲಿ ಅಲ್ಲ, ಹಿಂದಿನ ಅಂಚಿನಲ್ಲಿ! ನಾನು ಮೂರು ತಿಂಗಳಿಂದ ಚಕ್ರ ಮೇಲೆ ತಾಗುತ್ತಿದೆ ಅಂದುಕೊಂಡಿದ್ದೆ.

ಫೆಬ್ರವರಿ 1, ಶನಿವಾರ

ಸಾಬರು ಸೆಣಬಿನ ದಾರ ಹಿಡಿದು ಮುಂದಿನ ಚಕ್ರದ ನಡುಮಧ್ಯದಿಂದ ಹಿಂದಿನ ಚಕ್ರದ ನಡುಮಧ್ಯದವರೆಗೆ ಅಳೆದರು. ಬಲಗಡೆಗಿಂತ ಎಡಗಡೆ ಒಂದು ಬೆರಳು ಉದ್ದ.

"ನೋಡು" ಎಂದು ಪಟ್ಟೆ ಬಿಚ್ಚಿ ತೋರಿಸಿದರು. ಪಟ್ಟೆಗಳನ್ನೆಲ್ಲ ಒಟ್ಟಿಗೆ ಹಿಡಿಯುವ ನಡುವಿನ ಬೋಲ್ಟಿನ ತಲೆ ಅಚ್ಚಿನ ಮೇಲಿನ ತೂತಿನಲ್ಲಿ ಕೂರಬೇಕು. ಅದು ಕೂತಿರಲಿಲ್ಲ, ಅಂಚಿನ ಮೇಲೆ ನಿಂತಿತ್ತು. ಹಾಗಾಗಿ ಎಡಚಕ್ರ ಒಂದು ಬೆರಳು ಹಿಂದಕ್ಕೆ ಸರಿದಿತ್ತು.

"ಯಾರಯ್ಯ ಜೋಡಿಸ್ದೋನು?"

"ನಾನೇ."

"ಅವಸರ ಇತ್ತಾ?"

ಇತ್ತು. ಮಾರನೆಯ ದಿನ ಅವಳನ್ನು ಕೂರಿಸಿಕೊಂಡು ಹೋಗಬೇಕು ಎಂಬ ಅವಸರ. ಕೈಯಲ್ಲಿ ಗ್ರೀಸು ಇರುವಾಗಲೇ ಒಳಗೆ ಓಡಿಹೋಗಿ ಅವಳನ್ನು ಕರೆದುಕೊಂಡು ಬಂದು ತೋರಿಸಿದ್ದೆ.

ಸಾಬರು ಪಟ್ಟೆಯನ್ನು ಕೆಂಪಗೆ ಕಾಯಿಸಿ, ಬಡಿದು ಇನ್ನಷ್ಟು ಬಾಗಿಸಿದರು. ಕಾರು ಎರಡು ಬೆರಳು ಮೇಲೆದ್ದಿತು. ಬೋಲ್ಟನ್ನು ಅದರ ಜಾಗದಲ್ಲಿ ಕೂರಿಸಿದರು. "ಇನ್ನು ಜನ ಕೂರಿಸಿ ನೋಡು. ಖಾಲಿ ಕಾರು ಯಾವತ್ತೂ ಸುಳ್ಳು ಹೇಳುತ್ತೆ" ಎಂದರು.

ಫೆಬ್ರವರಿ 5, ಬುಧವಾರ

ಹಿಂದಿನ ಸೀಟಿಗೆ ರಾಗಿ ಮೂಟೆ ಹಾಕಿ ಪರೀಕ್ಷೆ ಮಾಡೋಣವೆಂದರೆ, ಎಷ್ಟು ಹಾಕುವುದು? ಅವಳ ತೂಕವೆಷ್ಟು ಎಂದು ನನಗೆ ಗೊತ್ತಿಲ್ಲ. ಆರು ವರ್ಷ ಜೊತೆಗಿದ್ದವನಿಗೆ ಗೊತ್ತಿಲ್ಲ. ಬಾವಿಯ ಹತ್ತಿರ ಮುನಿಕೆಂಪಮ್ಮನವರನ್ನು ಕೇಳಿದೆ. ಅವರು ನಕ್ಕೂ ನಕ್ಕೂ ಬಿಂದಿಗೆ ಚೆಲ್ಲಿಕೊಂಡರು.

"ಮೂಟೆ ಯಾಕಯ್ಯ, ನಾನೇ ಕೂತ್ಕೊಂತೀನಿ. ಅವಳೂ ನಾನೂ ಒಂದೇ ಸಮ."

ಅವಳು ಕೂರುವ ಎಡಗಡೆಯ ಜಾಗದಲ್ಲೇ ಕೂತರು. ಹುಣಸಮಾರನಹಳ್ಳಿಯವರೆಗೆ ಹೋಗಿ ಬಂದೆವು. ಗುಂಡಿ ಹುಡುಕಿ ಹುಡುಕಿ ಇಳಿಸಿದೆ. ಒಂದು ಚೂರೂ ಸದ್ದಿಲ್ಲ! ಸ್ಟೀರಿಂಗು ಬಿಟ್ಟು ಚಪ್ಪಾಳೆ ತಟ್ಟಬೇಕು ಅನ್ನಿಸಿತು.

"ಗೆದ್ದೆ ಕಣಕ್ಕಾ! ಭಾನುವಾರ ಕರ್ಕೊಂಡು ಬರ್ತೀನಿ."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಬೈರಣ್ಣ, ಒಂದ್ ಮಾತು. ಓದ್ ತಿಂಗಳು ಬಾಗಲೂರಿಗೆ ಓಗಿದ್ದಾಗ ಅವಳನ್ನ ನೋಡ್ದೆ. ಸದ್ದಿನ ಇಚಾರ ಅವಳು ಎತ್ತಲೇ ಇಲ್ಲ. 'ಅವ್ರು ಮೊದ್ಲು ಚಕ್ರ ನೋಡಿದ್ರು ಕಣಕ್ಕಾ' ಅಂದ್ಲು. ಅಷ್ಟೇ ಅಂದ್ಲು."

ಏನೂ ಅರ್ಥವಾಗದವನ ಹಾಗೆ ಗೇರು ಬದಲಾಯಿಸಿದೆ. ಚಕ್ರ ಸದ್ದು ಮಾಡಿದರೆ ಡ್ರೈವರು ಚಕ್ರ ನೋಡದೆ ಇನ್ನೇನು ನೋಡುತ್ತಾನೆ?

ಫೆಬ್ರವರಿ 6, ಗುರುವಾರ

ನೋಡಿದ್ದು ಒಂದೇ ನಿಮಿಷ.

ಫೆಬ್ರವರಿ 7, ಶುಕ್ರವಾರ

ಒಂದು ನಿಮಿಷ ಇರಲಾರದು. ಜಾಕು ತೆಗೆದಿದ್ದೆ.

ಫೆಬ್ರವರಿ 9, ಭಾನುವಾರ

ಹುಣಸೆಮರದ ತಿರುವು ಬಂತು, ಹಳ್ಳ ಬಂತು, ಕಾರು ಇಳಿದು ಹತ್ತಿತು. ಗೊರವಂಕಗಳು ಬೇಲಿಯ ಮೇಲೇ ಕೂತಿದ್ದವು. ಮನೆಯ ಮುಂದೆ ನಿಲ್ಲಿಸಿದರೂ ಯಾರಿಗೂ ಗೊತ್ತಾಗಲಿಲ್ಲ. ಚಪ್ಪಡಿಯ ಮೇಲೆ ಚೊಂಬಿತ್ತು, ಆದರೆ ತಣ್ಣೀರು. ಅತ್ತೆ ಮರೆತಿರಬೇಕು.

ಅತ್ತೆಯನ್ನೂ ಮಾವನನ್ನೂ ಕೂರಿಸಿಕೊಂಡು ಊರು ಒಂದು ಸುತ್ತು ಹಾಕಿದೆ. ಅತ್ತೆ ಕಣ್ಣು ಮುಚ್ಚಿ, ಕಿವಿ ನಿಮಿರಿಸಿಕೊಂಡು ಕೂತಿದ್ದರು. ಇಳಿದ ಮೇಲೆ, "ಮಾತಿಗೆ ತಪ್ಪೋಳಲ್ಲ ನಾನು. ಕರ್ಕೊಂಡ್ ಓಗಿ" ಎಂದು ಒಳಗೆ ಕೂಗಿದರು: "ಏಯ್ ಯಲ್ಲಮ್ಮ, ಒರ್ಡು. ಸದ್ದು ನಿಂತೈತೆ."

ಬಾಗಿಲ ಹಿಂದಿನಿಂದ ಅವಳ ದನಿ ಬಂತು. ಮೂರು ತಿಂಗಳ ಮೇಲೆ ಕೇಳಿದ ದನಿ.

"ನಾನೇನು ಸದ್ದಿಗೆ ಎದರ್ಕೊಂಡು ಕೂತಿಲ್ಲಮ್ಮ."

ಅತ್ತೆ ನನ್ನ ಮುಖ ನೋಡಿದರು. ನಾನು ಕಾರಿನ ಮುಖ ನೋಡಿದೆ.

ಒಬ್ಬನೇ ವಾಪಸು ಬಂದೆ. ಕಾರು ಎಷ್ಟು ಚೆನ್ನಾಗಿ ಓಡಿತೆಂದರೆ, ದಾರಿಯುದ್ದಕ್ಕೂ ಬೇರೇನೂ ಕೇಳಿಸಲಿಲ್ಲ.

ಫೆಬ್ರವರಿ 12, ಬುಧವಾರ

ಗಿರಾಕಿ ಬಂದರೂ ಹೋಗಲಿಲ್ಲ. ಬಾಗಿಲ ಮುಂದಿನಿಂದ ಕಾರನ್ನು ತಳ್ಳಿ ಬೇಲಿಯ ಪಕ್ಕ ನಿಲ್ಲಿಸಿದೆ. ಜಾಗವನ್ನು ಗುಡಿಸಿ ನೀರು ಹಾಕಿದೆ. ಡಬ್ಬಿಯಲ್ಲಿ ಪುಡಿ ತಳಕ್ಕೆ ಹೋಗಿತ್ತು. ಸಂತೆಯಿಂದ ತಂದು ತುಂಬಿಸಿದೆ. ಮುಚ್ಚಳದ ಮೇಲಿನ ಗುರುತಿಗೆ ಕೈ ತಾಗದ ಹಾಗೆ ಮುಚ್ಚಿದೆ.

ಫೆಬ್ರವರಿ 17, ಸೋಮವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಭಾನುವಾರ ಹುಣಸೆಮರದ ಹತ್ತಿರ ಯಾಕೋ ಹಾರನ್ ಒತ್ತಿದೆ, ಎರಡು ಸಲ. ಮನೆ ಮುಟ್ಟುವ ಹೊತ್ತಿಗೆ ಚೊಂಬಿನಲ್ಲಿ ಹಬೆಯಾಡುತ್ತಿತ್ತು.

ಮಾವ ನಕ್ಕರು. "ಓದ್ ವಾರ ಪಾಪ, ಯಲ್ಲಮ್ಮಂಗೆ ನೀವ್ ಬಂದಿದ್ದೇ ಗೊತ್ತಾಗ್ಲಿಲ್ಲ ಅಳಿಯಂದ್ರೆ. ಚಕ್ರ ಕೂಗಿದ್ರೆ ಒಲೆ ಮೇಲೆ ನೀರಿಡೋಳು."

ನಾನು ಕಾಲು ತೊಳೆಯಲಿಲ್ಲ. ಸ್ವಲ್ಪ ಹೊತ್ತು ಆ ಚೊಂಬನ್ನೇ ನೋಡುತ್ತ ನಿಂತೆ.

ಸಂಜೆ ಜಗಲಿಯ ಮೇಲೆ ಅದೇ ನಾಲ್ಕು ಜನ ಹೆಂಗಸರು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅತ್ತೆ ನಡುವೆ, ಮಾವ ಕಂಬಕ್ಕೆ ಒರಗಿ. ಒಬ್ಬಾಕೆ, "ಬೈರಣ್ಣ, ಮದುವೆಯಾದ ಒಸದ್ರಲ್ಲಿ ಎಷ್ಟ್ ಕತೆ ಏಳ್ತಿದ್ದೆ. ಈಗೇನು ಬಾಯಿಗೆ ಬೀಗ ಜಡ್ದಿದ್ದೀಯಾ? ಒಂದ್ ಏಳಪ್ಪ, ಕೈ ಬೇಗ ಓಡ್ತದೆ" ಎಂದಳು.

ನಾನು ಹೇಳಿದೆ.

"ಒಂದೂರಲ್ಲಿ ಒಬ್ಬ ಟ್ಯಾಕ್ಸಿಯವನಿದ್ದ. ಅವನಿಗೊಬ್ಬಳು ಹೆಂಡತಿ. ಅವಳು ಬಸುರಾದಳು. ರಸ್ತೆ ಕುಲುಕಬಾರದು ಅಂತ ಅವನು ಕಾರಿಗೆ ಮೆತ್ತನೆ ಸ್ಪ್ರಿಂಗ್ ಹಾಕಿದ."

ಕತೆಯೆಂದರೆ ಕೇಳುವವರು ಹೂಂಗುಟ್ಟಬೇಕು. ಯಾರೂ ಹೂಂ ಅನ್ನಲಿಲ್ಲ. ಯಾವ ಕತೆಯೆಂದು ಎಲ್ಲರಿಗೂ ಗೊತ್ತಾಗಿಹೋಗಿತ್ತು. ಅವರೆಕಾಯಿ ಸಿಪ್ಪೆಯ ಸದ್ದೂ ನಿಂತಿತು.

"ಬಯಕೆ ಊಟಕ್ಕೆ ಅಂತ ಅವಳನ್ನ ತವರಿಗೆ ಕರ್ಕೊಂಡು ಹೊರಟ. ಹುಣಸೆಮರದ ಹತ್ರ ಚಕ್ರ ಉಜ್ಜಿತು. ಹಿಂದಿನ ಸೀಟಿಂದ ಅವಳು 'ನೋವು' ಅಂದಳು. ಅವನು 'ತಡಿ' ಅಂದು ಇಳಿದ. ಇಳಿದು ಚಕ್ರ ನೋಡಿದ."

ಹೂಂ ಅನ್ನುವವರಿಲ್ಲದಿದ್ದರೆ ಕತೆ ಹೇಗೆ ಮುಂದಕ್ಕೆ ಹೋಗುತ್ತದೆ? ಎದ್ದುಬಿಡೋಣ ಅಂದುಕೊಂಡೆ.

ಆಗ ಬಾಗಿಲ ಹಿಂದಿನಿಂದ ಕೇಳಿಸಿತು: "ಹೂಂ."

ನಾನು ಆ ಕಡೆ ತಿರುಗಲಿಲ್ಲ. ತಿರುಗಿದ್ದರೆ ಹೇಳಲಾಗುತ್ತಿರಲಿಲ್ಲ.

"ಅವಳು ಇನ್ನೊಂದು ಸಲ ಕರೆದಳು. ಅವನಿಗೆ ಕೇಳಿಸ್ತು. ಆದರೆ ತಾನು ಕಟ್ಟಿದ್ದು ಯಾಕೆ ಕೆಟ್ಟಿತು ಅಂತ ಅವನ ತಲೆ ಚಕ್ರದ ಕೆಳಗೇ ಇತ್ತು. ಜಾಕು ಹಾಕಿದ."

"ಹೂಂ."

"ಮೂರನೇ ಸಲ ಕರೆದಾಗ ಎದ್ದು ನೋಡಿದ. ಅವಳ ಸೀರೆ..." ಅಲ್ಲಿಗೆ ನಿಲ್ಲಿಸಿದೆ. "ಚಕ್ರದಿಂದ ಏನೂ ಆಗಲಿಲ್ಲ ಅಂತ ಡಾಕ್ಟರಮ್ಮ ಅಂದ್ರು. ಇರಬಹುದು. ಆದರೆ ಅವಳು ಕರೆದಾಗ ಅವನು ಬರಲಿಲ್ಲ. ಅಷ್ಟೇ ಕತೆ."

ಬಹಳ ಹೊತ್ತಿನ ಮೇಲೆ ಕೊನೆಯ "ಹೂಂ" ಬಂತು. ಆಮೇಲೆ ಅಳು. ಅತ್ತೆ ಮಡಿಲಲ್ಲಿದ್ದ ಕಾಳನ್ನೆಲ್ಲ ನೆಲಕ್ಕೆ ಚೆಲ್ಲಿ ಒಳಗೆ ಹೋದರು. ಆ ಹೆಂಗಸರು ಮೊರ ಎತ್ತಿಕೊಂಡು ಮನೆಗೆ ಹೋದರು. ನಾನು ಜಗಲಿಯಲ್ಲೇ ಮಲಗಿದೆ.

ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟರೆ ಆ ನಾಲ್ವರೂ ಕಾರಿನ ಸುತ್ತ ನಿಂತಿದ್ದರು. ಒಬ್ಬಾಕೆ ಒಂದು ಕುಕ್ಕೆ ಅವರೆಕಾಯಿ ತಂದಿದ್ದಳು, ಇನ್ನೊಬ್ಬಾಕೆ ಎರಡು ಕುಂಬಳಕಾಯಿ, ಮತ್ತೊಬ್ಬಾಕೆ ಹುರುಳಿ. ಕತೆ ಹೇಳು ಎಂದಿದ್ದ ಆಕೆ ಕಾಲು ಕಟ್ಟಿದ ಕೋಳಿಯೊಂದನ್ನು ಹಿಡಿದುಕೊಂಡು, "ಕತೆಗೆ" ಎಂದಷ್ಟೇ ಹೇಳಿ ಹಿಂದಿನ ಸೀಟಿನ ಕೆಳಗೆ ತಳ್ಳಿದಳು. ಮಾವ ರಾಗಿ ಮೂಟೆ ಹೊತ್ತು ತಂದರು. ಅತ್ತೆ ಮಗಳ ಸೆರಗಿಗೆ ಮಡಿಲಕ್ಕಿ ಕಟ್ಟಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಸಿನ. ಗಂಟನ್ನು ಎಳೆದು ನೋಡಿದರು. ನನ್ನ ಕಡೆ ತಿರುಗಿ, "ಇನ್ಮೇಲೆ ಆ ಕತೆ ನಾನ್ ಏಳಲ್ಲ" ಎಂದರು.

ಕಾರು ಹಿಂದಕ್ಕೆ ಕುಸಿದು ಕೂತಿತು. ಮಾವ ಬಗ್ಗಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿ ತಲೆಯಾಡಿಸಿದರು.

ಹಿಂದೆ ಜಾಗವಿರಲಿಲ್ಲ. ಅವಳು ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತಳು. ತೆಳ್ಳಗಾಗಿದ್ದಾಳೆ. ಮುನಿಕೆಂಪಮ್ಮನ ಸಮ ಇಲ್ಲ, ಅರ್ಧ ಇದ್ದಾಳೆ.

ಹುಣಸೆಮರದ ತಿರುವಿನಲ್ಲಿ ಹಳ್ಳಕ್ಕೆ ಇಳಿದೆವು. ಕರ್ರ್. ಅದೇ ಚಕ್ರ, ಅದೇ ಜಾಗ.

ಕಾರು ನಿಲ್ಲಿಸಿದೆ. ಅವಳ ಕಡೆ ತಿರುಗಿದೆ. ಅವಳ ಎರಡು ಕೈಯೂ ಮಡಿಲಕ್ಕಿಯ ಮೇಲಿದ್ದವು. ಅವಳೂ ನನ್ನನ್ನೇ ನೋಡುತ್ತಿದ್ದಳು, ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾನೆ ನೋಡೋಣ ಎನ್ನುವ ಹಾಗೆ.

ಹಿಂದಿನಿಂದ ಕೋಳಿ ಒಂದು ಸಲ ಕೂಗಿತು.

"ಕುಂಬಳಕಾಯಿ ಜಾಸ್ತಿಯಾಯ್ತು ಅಷ್ಟೇ. ನಡೀರಿ" ಎಂದಳು. ಕಟ್ಟಿಗೇನಹಳ್ಳಿ ಬರುವ ಹೊತ್ತಿಗೆ, "ಅದ್ಯಾರೋ ಸಿಂಗಾಪುರದ ಮುದುಕಪ್ಪ ನಿಮ್ ಕಾರಲ್ ಕೂತು ನಿಮ್ಗೇ ಬೈದ್ನಂತಲ್ಲ, ಕೆಂಪಮ್ಮಕ್ಕ ಏಳಿದ್ಲು. ಏನಾಯ್ತು ಏಳಿ" ಎಂದಳು.

ಹೇಳತೊಡಗಿದೆ.